ಕೀರ್ತಿಮಂದಿರದಲ್ಲಿ ಒಬ್ಬ ಎಕ್ಸ್‌ಟ್ರಾ

ಗೋಡೆಯ ಮೇಲೆ ತನ್ನದೊಂದು ಫೋಟೋ ಇರಬೇಕೆಂಬ ಆಸೆ ಇಲ್ಲದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಸಾಮಾನ್ಯವಾಗಿ ಈ ಆಸೆ ಈಡೇರುವುದು ಅದನ್ನು ನೋಡಿ ಸಂತೋಷಪಡಲು ನಾವೇ ಇಲ್ಲದಾಗ, ಅದೂ ಗಂಧದ ಹಾರದ ಸಮೇತ. ಬದುಕಿರುವಾಗಲೇ, ಕನ್ನಡಕ ಏರಿಸಿಕೊಂಡು ಹೋಗಿ ನನ್ನ ಮುಖವನ್ನು ನಾನೇ ನೋಡಿ ಬರುವ ಯೋಗ ಎಪ್ಪತ್ತರ ದಶಕದಲ್ಲಿ ಒಮ್ಮೆ ನನ್ನ ಹತ್ತಿರದವರೆಗೂ ಬಂದಿತ್ತು. ಆಗ ನಾನು ಹುಣಸೂರಿನಲ್ಲಿ, ನಾನೇ ಓದಿದ ಕಾಲೇಜಿನಲ್ಲಿ, ಇತಿಹಾಸದ ಮೇಷ್ಟರಾಗಿದ್ದೆ. ಪರದೇಶದ ಕಾಲೇಜುಗಳು ತಮ್ಮ ಹಳೆಯ ಆಟಗಾರರನ್ನೂ ಅವರನ್ನು ಪಳಗಿಸಿದ ಗುರುಗಳನ್ನೂ ಒಂದು ಹಾಲಿನಲ್ಲಿ ಫೋಟೋ ಹಾಕಿ ಗೌರವಿಸುತ್ತವೆ ಎಂದು ನಮ್ಮ ಪ್ರಿನ್ಸಿಪಾಲರು ಯಾವುದೋ ಪತ್ರಿಕೆಯಲ್ಲಿ ಓದಿದರು. ನಮ್ಮಲ್ಲೂ ಒಂದು ‘ಕೀರ್ತಿಮಂದಿರ’ ಆಗಲೇಬೇಕೆಂದು ಹಟ ಹಿಡಿದರು. ಹಾಲ್ ಇರಲಿಲ್ಲ. ಮುರಿದ ಬೆಂಚು, ಗಾಳಿ ಹೋದ ಫುಟ್‌ಬಾಲುಗಳಿದ್ದ ಕೋಣೆಗೆ ಸುಣ್ಣ ಬಳಿಸಿದೆವು, ಮಂದಿರ ಸಿದ್ಧವಾಯಿತು. ಅದಕ್ಕೆ ಕಾರ್ಯದರ್ಶಿ ನಾನು.

ಮಂದಿರವೇನೋ ಆಯಿತು, ಕೀರ್ತಿ ಸ್ವಲ್ಪ ಕಡಿಮೆ ಬಿತ್ತು. ನಮ್ಮ ಕಾಲೇಜು ಗೆದ್ದಿದ್ದು ಒಂದೇ ಒಂದು ಕಬಡ್ಡಿ ಶೀಲ್ಡು. ಹಾಗಾಗಿ ಸನ್ಮಾನಕ್ಕೆ ಇಬ್ಬರೇ ಗಟ್ಟಿ: ತಂಡದ ಕ್ಯಾಪ್ಟನ್ ಆಗಿದ್ದ ಬೆಟ್ಟದಪುರದ ಸಣ್ಣೇಗೌಡ, ತರಬೇತಿ ಕೊಟ್ಟ ಕೊಡಗಿನ ಮಂದಣ್ಣ ಮೇಷ್ಟ್ರು. ಆ ತಂಡದಲ್ಲಿ ನಾನೂ ಇದ್ದೆ ಎಂಬುದನ್ನು ಚರಿತ್ರೆ ಮರೆತಿದೆ. ನಾನು ಎಕ್ಸ್‌ಟ್ರಾ. ಆಡುವವರ ಅಂಗಿ, ಗಡಿಯಾರ ಕಾಯುವುದು, ಬೆವರು ಒರೆಸಲು ಟವೆಲ್ ಹಿಡಿದು ನಿಲ್ಲುವುದು ನನ್ನ ಕೆಲಸ. ನಮ್ಮ ಹುಡುಗರಿಗೆ ಒಂದು ಜ್ವರ ಕೂಡ ಬರುತ್ತಿರಲಿಲ್ಲ. ಒಮ್ಮೆ ಕೆ.ಆರ್. ನಗರದ ಪಂದ್ಯದಲ್ಲಿ ಸಣ್ಣೇಗೌಡ ಕಾಲು ಉಳುಕಿ ಬಿದ್ದ. ದೇವರು ಕಣ್ಣು ಬಿಟ್ಟನೆಂದು ನಾನು ಗಡಿಬಿಡಿಯಲ್ಲಿ ಅಂಗಿ ಬಿಚ್ಚತೊಡಗಿದೆ. ಎರಡನೇ ಗುಂಡಿಗೆ ಬರುವಷ್ಟರಲ್ಲಿ ಪುಣ್ಯಾತ್ಮ ಎದ್ದು ನಿಂತಿದ್ದ.

ಮಂದಣ್ಣ ಮೇಷ್ಟ್ರ ಹತ್ತಿರ ಹೋಗಿ, ನನ್ನದೂ ಒಂದು ಫೋಟೋ ಇದ್ದರೆ ತಂಡ ಪೂರ್ತಿಯಾಗುತ್ತದೆ ಎಂದು ತಲೆ ಕೆರೆದುಕೊಂಡೆ. ಅವರು ಮೀಸೆಯೊಳಗೇ ನಕ್ಕು, “ಅಂಕಣದ ಗೆರೆ ದಾಟಿ ಆಡಿದವರಿಗೆ ಸನ್ಮಾನ ಮಾರಾಯ. ನೀನು ಸುಣ್ಣದ ಪುಡಿಯಲ್ಲಿ ಗೆರೆ ಎಳೆದವನು” ಎಂದರು. ಮೇಷ್ಟ್ರಿಗೆ ಕರುಣೆ ಇಲ್ಲದಿದ್ದರೇನು, ಕಾರ್ಯದರ್ಶಿಗೆ ಬುದ್ಧಿ ಬೇಡವೇ? ಬೇರೆ ಬೇರೆ ಫೋಟೋ ದಂಡ, ಶೀಲ್ಡ್ ಗೆದ್ದ ದಿನದ ಗ್ರೂಪ್ ಫೋಟೋ ಒಂದೇ ಸಾಕು ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ಅದರ ಎಡತುದಿಯಲ್ಲಿ ಟವೆಲ್ ಹಿಡಿದ ನಾನಿದ್ದೆ. ಉತ್ಸಾಹ ಹೆಚ್ಚಾಗಿ, ಉಗ್ರಾಣದಲ್ಲಿರುವ ಹಳೆಯ ಫ್ರೇಮನ್ನೇ ಬಳಸಬಹುದು ಎಂದೂ ಸೇರಿಸಿದೆ. ಪ್ರಿನ್ಸಿಪಾಲರು ನನ್ನ ಮಿತವ್ಯಯವನ್ನು ಸ್ಟಾಫ್ ರೂಮಿನಲ್ಲಿ ಹೊಗಳಿದರು.

ಸಮಾರಂಭದ ಹಿಂದಿನ ಸಂಜೆ ಸಣ್ಣೇಗೌಡ ತಾನು ಬರುವುದಿಲ್ಲವೆಂದು ಹೇಳಿಕಳಿಸಿದ. ಕ್ಯಾಪ್ಟನ್ ಇಲ್ಲದೆ ಫೋಟೋದ ಮೇಲಿನ ಪರದೆ ಸರಿಸುವುದಿಲ್ಲ ಎಂದರು ಪ್ರಿನ್ಸಿಪಾಲರು. ಪರದೆಯ ಹಿಂದೆ ಇದ್ದದ್ದು ನನ್ನ ಮುಖ. ಬೆಳಿಗ್ಗೆ ಮೊದಲ ಬಸ್ಸಿಗೇ ಬೆಟ್ಟದಪುರಕ್ಕೆ ಓಡಿದೆ. ಅವನು ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡಿನ, ಅಂದರೆ ಬ್ಯಾರನ್ನಿನ, ಒಲೆಯ ಮುಂದೆ ಕೂತಿದ್ದ.

“ಒಲೆ ಅಚ್ಚಿ ಮೂರು ದಿನ ಆಯ್ತು ಕಣಯ್ಯಾ. ಈಗ ಉರಿ ಏರುಪೇರಾದ್ರೆ ಸೊಪ್ಪೆಲ್ಲ ಕರ್ರಗಾಗೋಯ್ತದೆ. ಆಮೇಲೆ ನಿಮ್ ಶಾಲು ಒದ್ಕೊಂಡು ಕೂತ್ಕಳ್ಳಾ?” ಎಂದ.

ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅವನ ತಾಯಿ ನಿಂಗಮ್ಮ, “ಇವಯ್ಯ ಯಾರ್ಲಾ?” ಎಂದರು.

“ನಮ್ ಟೀಮಿನ ಎಕ್ಸ್‌ಟ್ರಾ ಕಣವ್ವ.”

“ಅಂಗಂದ್ರೇನ್ಲಾ?”

“ನಮ್ಗೆ ಆಗ್ದೇ ಇದ್ರೆ ನಮ್ ಜಾಗ್ದಲ್ಲಿ ನಿಂತು ಆಡೋನು.”

“ಅಂಗಾದ್ರೆ ಸರೋಯ್ತು ಬುಡು. ನೀನು ಓಗಿ ಬಾ, ಒಲೆ ಇವ್ನು ನೋಡ್ಕತಾನೆ.”

ಇತಿಹಾಸದ ಎಂ.ಎ.ಯನ್ನು ಬದಿಗಿಟ್ಟು ನಾನು ಸಣ್ಣೇಗೌಡನ ಕೈಯಿಂದ ಕೊರಡು ಇಸಿದುಕೊಂಡೆ. ಸಣ್ಣೇಗೌಡ ಒಗೆದ ಅಂಗಿ ಹಾಕಿಕೊಂಡು, ನಾನು ಬಂದ ಬಸ್ಸಿನಲ್ಲೇ ಹುಣಸೂರಿಗೆ ಹೊರಟೇಬಿಟ್ಟ. ನಾನು ಒಲೆಯ ಮುಂದೆ ಕೂತೆ. ಸೆಕೆ ತಡೆಯಲಾರದೆ ಅಂಗಿ ಬಿಚ್ಚಿದೆ. ಈ ಸಲ ಎಲ್ಲ ಗುಂಡಿಗಳಿಗೂ ವೇಳೆ ಸಿಕ್ಕಿತು. ನಿಂಗಮ್ಮ ಕೂತಲ್ಲಿಂದಲೇ “ಒಂದು ಕೊರಡು ಆಕು”, “ಸಾಕು, ಈಚೆಗೆ ಎಳಿ”, “ನಿದ್ದೆ ಮಾಡ್ಬ್ಯಾಡ ಕಣಪ್ಪ” ಎಂದು ಆಡಿಸುತ್ತಿದ್ದರು. ಮಂದಣ್ಣ ಮೇಷ್ಟ್ರು ಕೂಡ ಇಷ್ಟು ಗದರಿದವರಲ್ಲ. ಕಣ್ಣಲ್ಲಿ ನೀರು, ಮೈಯೆಲ್ಲ ಬೂದಿ. ಈಗ ಪರದೆ ಸರಿದಿರುತ್ತದೆ, ಈಗ ಚಪ್ಪಾಳೆ ಎಂದು ಎಣಿಸಿಕೊಂಡು ಎಲ್ಲವನ್ನೂ ಸಹಿಸಿದೆ.

ಹೊತ್ತು ಮುಳುಗುವ ಮುಂಚೆ ಸಣ್ಣೇಗೌಡ ಹಾರ, ಶಾಲಿನ ಸಮೇತ ಬಂದಿಳಿದ. “ಫೋಟೋ ಹೇಗಿತ್ತು?” ಎಂದೆ.

“ಬೋ ಚೆಂದಾಗದೆ. ಆದ್ರೆ ಫ್ರೇಮು ಚಿಕ್ಕದಂತೆ, ಇವತ್ ಬೆಳಿಗ್ಗೆ ಕೂರಿಸ್ವಾಗ ಆ ತುದೀಲಿ ಒಸಿ ಮಡಿಸವ್ರೆ. ನಿನ್ ಮಖ ಒಳಕ್ಕೋಗದೆ. ಕೈ ಕಾಣ್ತದೆ ಬುಡು, ಟವೆಲ್ ಇಡ್ಕಂಡಿರದು.”

ನನಗೆ ನಿಜವಾಗಿಯೂ ಅಳು ಬಂತು. ಹೊಗೆಯ ನೆವ ಹೇಳಿ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ನಿಂಗಮ್ಮ ಬ್ಯಾರನ್ನಿನ ಕಿಂಡಿಯಲ್ಲಿ ಇಣುಕಿ ನೋಡಿ, “ಸೊಪ್ಪು ಅರಿಶಿಣದಂಗೆ ಬಂದದೆ. ಚೆಂದಾಗಿ ಆಡ್ದೆ ಕಣ್ಮಗ” ಎಂದು ಬಿಸಿ ಮುದ್ದೆ ಇಕ್ಕಿದರು. ಆಟ ಚೆನ್ನಾಗಿತ್ತೆಂದು ನನಗೆ ಹೇಳಿದವರು ಅವರೇ ಮೊದಲು.

ಮರುದಿನ ಮಂದಿರದಲ್ಲಿ ಮಂದಣ್ಣ ಮೇಷ್ಟ್ರು ಆ ಕೈಯನ್ನೇ ನೋಡುತ್ತಾ ನಿಂತಿದ್ದರು. “ಬೇಜಾರು ಮಾಡಬೇಡ. ಕಬಡ್ಡಿಯಲ್ಲಿ ಹಿಡಿದು ಕೆಡವಿದಾಗಲೂ ಕೈಯೊಂದು ನಡುಗೆರೆ ಮುಟ್ಟಿದರೆ ಆಟಗಾರ ಉಳಿದ ಹಾಗೆ” ಎಂದರು. ವಿದ್ಯಾರ್ಥಿಗಳಿಗೆ ಅದು ನನ್ನ ಕೈ ಎಂದು ಎಷ್ಟೋ ಸಲ ಹೇಳಿದ್ದೇನೆ, ಯಾರೂ ನಂಬಿಲ್ಲ. ಆದರೆ ಮುಂದಿನ ವರ್ಷ, ಸಣ್ಣೇಗೌಡ ಪಿರಿಯಾಪಟ್ಟಣದ ಮದುವೆಗೆ ಹೋಗಬೇಕಾದಾಗ, “ಎಕ್ಸ್‌ಟ್ರಾನ ಕಳ್ಸಿ” ಎಂದು ನಿಂಗಮ್ಮ ಕಾಲೇಜಿಗೇ ಹೇಳಿಕಳಿಸಿದರು. ನಾನು ಒಂದು ದಿನದ ರಜೆ ಬರೆದುಕೊಟ್ಟೆ. ಕಾರಣ ಎಂಬಲ್ಲಿ ‘ಕ್ರೀಡೆ’ ಎಂದು ಬರೆದೆ.