ವಸುಧಾಳ ಡ್ರಮ್ಮು, ದ್ವಾದಶಿಯ ಹೀರಿಕಾಯಿ

ಇನ್ನು ಮೇಲೆ ಈ ಮನೆಯಿಂದ ಒಂದೇ ಒಂದು ಸಿಪ್ಪೆಯೂ ಹೊರಗೆ ಹೋಗಕೂಡದು ಎಂದು ವಸುಧಾ ಸಂಕ್ರಾಂತಿಯ ದಿನ ಘೋಷಿಸಿದಳು. ಇಂಡಿ ಊರಿನ ಸಾಲಿಯೊಂದರಲ್ಲಿ ವಿಜ್ಞಾನ ಕಲಿಸುವವಳು. ಘೋಷಣೆಯ ಹಿಂದೆಯೇ ಪಾಠವೂ ಬಂತು.

"ಸೃಷ್ಟಿಯೊಳಗ ಯಾವುದೂ ಕಳಿಯೂದಿಲ್ಲ. ಗಿಡ ಮಣ್ಣಿಂದ ತಗೋತದ, ನಾವು ಗಿಡದಿಂದ ತಗೋತೀವಿ, ಉಳದದ್ದು ಹುಳ ತಿಂದು ಮತ್ತ ಮಣ್ಣಿಗೆ ಕೊಡತಾವ. ನಡುವ ಕಸದ ಗಾಡಿಗೇನು ಕೆಲಸ?"

ಗಂಡ ಶ್ರೀವಲ್ಲಭ ಪೇಪರ್ ಮಡಚಲಿಲ್ಲ. "ಕಸದ ಗಾಡಿ ಹಾಡು ಹಚ್ಚಿಕೊಂಡು ಬರ್ತದ. ನಿನ್ನ ಹುಳ ಹಾಡ್ತಾವೇನು?"

ಹಾಡದಿದ್ದರೂ ಎರೆಹುಳ ಬಿಟ್ಟ ಗೊಬ್ಬರದ ಡ್ರಮ್ಮು ಮಾಳಿಗೆ ಏರಿತು. ಇಂಡಿಯಲ್ಲಿ ಲಿಂಬಿಕಾಯಿಗೆ ಬರವಿಲ್ಲ. ಬಂದ ನೆಂಟರೆಲ್ಲ ಚೀಲಗಟ್ಟಲೆ ತರುತ್ತಾರೆ. ಹಿಂಡಿದ ಹೋಳೆಲ್ಲ ಡ್ರಮ್ಮಿಗೆ ಹೋದವು. ಕೆಲವು ವಾರದ ಮೇಲೆ ಮುಚ್ಚಳ ತೆಗೆದರೆ ಗೊಬ್ಬರ ಆಗಿರಲಿಲ್ಲ. ಖಾರ ಒಂದು ಬಿದ್ದಿದ್ದರೆ ಉಪ್ಪಿನಕಾಯಿ ಆಗುತ್ತಿತ್ತು. ಎರೆಹುಳಗಳು ಡ್ರಮ್ಮಿನ ಅಂಚಿಗೆ ಬಂದು, ಊರು ಬಿಡುವ ಮುಖ ಮಾಡಿಕೊಂಡು ಕೂತಿದ್ದವು.

ಪಕ್ಕದ ಮನೆಯ ಸಗೀರಾ ಮರುಗಿದಳು. ಅವಳ ಗಂಡ ಇಜಾಜ ಮದುವೆ ಅಡುಗೆಯ ಗುತ್ತಿಗೆ ಹಿಡಿಯುವವನು. "ವಸುಧಕ್ಕಾರ, ನಮ್ಮನ್ಯಾಗ ಉಳ್ಳಾಗಡ್ಡಿ ಸಿಪ್ಪಿ ಚೀಲಗಟ್ಲೆ ಐತ್ರಿ. ಒಯ್ರಿ, ಪುಣ್ಯಾ ಬರತೈತಿ!"

ವಸುಧಾ ಒಳಮನೆಯ ಕಡೆ ಕಣ್ಣು ಹಾಯಿಸಿದಳು. ಅತ್ತೆ ಸಾವಿತ್ರೀಬಾಯಿಯವರ ಮಡಿಯ ಆಳ್ವಿಕೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ (ಈರುಳ್ಳಿ, ಬೆಳ್ಳುಳ್ಳಿ) ಎರಡೂ ಈ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಆದರೆ ಚೀಲ ಹೊಸ್ತಿಲು ದಾಟಬೇಕಾಗಿಯೇ ಇರಲಿಲ್ಲ. ಹೊರಗಿನ ಮೆಟ್ಟಿಲೇರಿ ನೇರ ಮಾಳಿಗೆಗೆ ಹೋಯಿತು. ಒಳಗಿನದು ಕೊಳೆಯತೊಡಗಿ ಡ್ರಮ್ಮಿನ ಮೈ ಬಿಸಿಯಾಯಿತು. ಮಗಳು ವೃಂದಾಳ ಜ್ವರ ನೋಡುವ ಹಾಗೆ ವಸುಧಾ ಅದಕ್ಕೆ ದಿನಾ ಹಿಂಗೈ ಇಟ್ಟು ನೋಡಿದಳು. ಕಪ್ಪನೆಯ ಗೊಬ್ಬರ ಬಂತು. ಅದರಲ್ಲಿ ಹೀರಿಬಳ್ಳಿ ಎದ್ದು, ನೀರಿನ ಟಾಕಿಯನ್ನು ಅಪ್ಪಿಕೊಂಡು ಕಾಯಿ ಬಿಟ್ಟಿತು. ಅತ್ತೆಗೆ ಯಾರೂ ಏನೂ ಹೇಳಲಿಲ್ಲ.

ಬಂದದ್ದು ಜ್ಯೇಷ್ಠದ ಏಕಾದಶಿ. ಆಯಿ (ಮಗನಿಗೂ ಸೊಸೆಗೂ ಸಾವಿತ್ರೀಬಾಯಿ ಆಯಿಯೇ) ಇಡೀ ದಿನ ಹನಿ ನೀರೂ ಮುಟ್ಟಲಿಲ್ಲ. ದ್ವಾದಶಿಯ ಬೆಳಗ್ಗೆ ಹೊತ್ತು ಮೀರುವುದರೊಳಗೆ ಊಟವಾಗಬೇಕು. ಎಲೆ ಮುಂದೆ ಕೂತಮೇಲೆ ಅವರು ಮೌನ. ಅರ್ಧಕ್ಕೆ ಎದ್ದರೆ ಆ ದಿನ ಮತ್ತೆ ಊಟವಿಲ್ಲ. ವಸುಧಾ ಕತ್ತಲಿರುವಾಗಲೇ ಒದ್ದೆ ಸೀರೆಯಲ್ಲಿ ಅಡುಗೆಗೆ ನಿಂತಳು. ನೈವೇದ್ಯದ ಅಡುಗೆ, ರುಚಿ ನೋಡುವ ಹಾಗಿಲ್ಲ. ಮಾಳಿಗೆಯ ಬಳ್ಳಿಯ ಹೀರಿಕಾಯಿ ಪಲ್ಯ, ಹೆಸರುಬ್ಯಾಳಿ ಪಾಯಸ. ದೇವರಿಗೆ ತೋರಿಸಿದ್ದಾಯಿತು, ಎಲೆ ಹಾಕಿದ್ದಾಯಿತು. ಆಯಿ ಮೊದಲ ತುತ್ತು ಪಲ್ಯ ಬಾಯಿಗಿಟ್ಟರು.

ಆಗಲೇ ಹಿತ್ತಲಿನಿಂದ ಸಗೀರಾಳ ದನಿ: "ವಸುಧಕ್ಕಾರ! ಉಳ್ಳಾಗಡ್ಡಿ ಸಿಪ್ಪಿ ಮೆಟ್ಟಲ ಮ್ಯಾಲ ಇಟ್ಟೇನ್ರಿ!"

ಆಯಿಯ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ಪಲ್ಯ ನೋಡಿದರು. ಸೊಸೆಯನ್ನು ನೋಡಿದರು. ಹುಬ್ಬು ಮೇಲೇರಿತು.

ವಸುಧಾ ಸೌಟು ಬಿಟ್ಟು ಮುಂದೆ ಬಂದಳು. "ಆಯಿ, ಉಳ್ಳಾಗಡ್ಡಿ ಅಲ್ಲರಿ! ಬರೇ ಸಿಪ್ಪಿ!"

ಆಯಿ ತಲೆ ಅಲ್ಲಾಡಿಸಿ, ಎಡಗೈಯ ಮೂರು ಬೆರಳು ಜೋಡಿಸಿ ಚಿಟಿಕೆ ತೋರಿಸಿದರು.

"ಇಲ್ಲರಿ, ಅಷ್ಟ ಅಲ್ಲ. ಸುಳ್ಳು ಯಾಕ ಹೇಳ್ಲಿ, ಚೀಲಗಟ್ಲೆ ಹಾಕೀನಿ."

ಆಯಿ ಕಣ್ಣು ಮುಚ್ಚಿದರು. ತೆರೆದು ಪಲ್ಯಕ್ಕೆ ಬೆರಳು ಮಾಡಿದರು, ಆಮೇಲೆ ಅಂಗೈ ಅಗಲಿಸಿ ಏನೂ ಇಲ್ಲವೆಂಬಂತೆ ತಿರುವಿದರು.

"ಬಳ್ಳೊಳ್ಳಿ ಸಿಪ್ಪೀನೂ ಇತ್ತರಿ," ಎಂದಳು ವಸುಧಾ ಸಣ್ಣ ದನಿಯಲ್ಲಿ.

ಆಯಿ ಹಣೆ ಬಡಿದುಕೊಂಡರು. ನಿನ್ನೆಯಿಂದ ಒಣಗಿದ ಆ ತುಟಿ ನೋಡಿ ವಸುಧಾಳಿಗೆ ಅಳುವೇ ಬಂತು. ಈಗ ಇವರು ಎದ್ದರೆ ನಾಳೆಯವರೆಗೂ ಉಪವಾಸ. ಎಲ್ಲ ಒಂದು ಡ್ರಮ್ಮಿನ ಸಲುವಾಗಿ! ಅವಳು ಸೆರಗು ಬಿಗಿದು ವಿಜ್ಞಾನವನ್ನೇ ಮುಂದೆ ತಂದಳು.

"ಆಯಿ, ಹೀರಿಕಾಯಿ ಮಣ್ಣು ತಿಂದು ದಪ್ಪ ಆಗೂದಿಲ್ಲರಿ. ಮಣ್ಣಿಂದ ತಗೊಳೂದು ತೀರಾ ಕಡಿಮಿ. ಅದು ಗಾಳಿ ತಿಂತದ, ನೀರು ಕುಡೀತದ, ಬಿಸಲಾಗ ತಾನ ಅಡಗಿ ಮಾಡ್ಕೋತದ. ಶುದ್ಧ ಗಾಳಿ!"

ಆಯಿ ಸಗೀರಾಳ ಮನೆಯ ಕಡೆ ಒಮ್ಮೆ ನೋಡಿದರು.

ವಸುಧಾ ಸತ್ಯವಂತೆ. "ಹೌದ್ರಿ, ಆ ಗಾಳ್ಯಾಗ ಅವರ ಮನಿಯವರ ಉಸುರೂ ಇರ್ತದ. ಓಣಿಯವರೆಲ್ಲಾರದೂ ಇರ್ತದ. ಎಮ್ಮೀದೂ ಇರ್ತದ. ಹಂಗ ನೋಡಿದ್ರ ಈ ಮಸರೂ ಎಮ್ಮಿ ಸಂತ್ಯಾಗ ಏನೇನು ತಿಂದದ…"

"ವಸುಧಾ," ಎಂದ ಪಕ್ಕದ ಎಲೆಯ ಶ್ರೀವಲ್ಲಭ, "ಇಲ್ಲಿಗೇ ಸಾಕು. ಪಲ್ಯಾ ಹೋತು, ಮಸರು ಹೋತು. ಇನ್ನೊಂದು ಮಾತಾಡಿದ್ರ ಆಯಿ ಉಸುರು ತಗೊಳೂದೂ ಬಿಡ್ತಾಳ."

ಹೇಳುತ್ತಲೇ ಅವನು ತನ್ನ ಎಲೆಯ ಪಲ್ಯ ಬಾಯಿಗಿಟ್ಟ. ಅಗಿದ. ನಿಲ್ಲಿಸಿದ.

"ಇದಕ್ಕ ಉಪ್ಪ ಇಲ್ಲಲ್ಲಾ!"

ಆಯಿ ಮಗನ ಕಡೆ ತಿರುಗಿ, ದೇವರಿಗೆ ಮುಗಿದಷ್ಟೇ ಭಕ್ತಿಯಿಂದ ತಲೆಬಾಗಿದರು. ಮತ್ತೆ ಆ ಮೂರು ಬೆರಳು ಜೋಡಿಸಿ ಸೊಸೆಗೆ ತೋರಿಸಿದರು.

ವಸುಧಾ ಕಂಬವಾದಳು. ಕಂಬವೇ ಹೋಗಿ ಉಪ್ಪು ತಂದು ಬಡಿಸಿತು. ಆಯಿ ಪಲ್ಯ ಕಲಸಿಕೊಂಡು ಉಂಡರು, ಬಳೆದು ಉಂಡರು, ಇನ್ನಷ್ಟು ಹಾಕೆಂದು ಎಲೆ ತೋರಿಸಿದರು! ವಸುಧಾಳಿಗೆ ಹೋದ ಜೀವ ಬಂದಂತಾಯಿತು. ಆ ಸಡಗರದಲ್ಲಿ ಇಬ್ಬರಿಗೂ ಎರಡೆರಡು ಸೌಟು ಪಾಯಸ ಸುರಿದಳು. ಶ್ರೀವಲ್ಲಭ ಒಂದು ಗುಟುಕು ಕುಡಿದು ತಲೆಯೆತ್ತಿ ಸೂರಿನ ತೊಲೆ ಎಣಿಸತೊಡಗಿದ. ಆಯಿ ಮಾತ್ರ ಎಲೆಯಲ್ಲಿ ಬಿದ್ದದ್ದನ್ನು ಬಿಡುವವರಲ್ಲ. ಔಷಧ ಕುಡಿದಂತೆ ಮುಗಿಸಿ, ಎದ್ದು ಕೈ ತೊಳೆದು, ಮೌನ ಬಿಟ್ಟರು.

"ಆಯಿ, ಆ ಉಳ್ಳಾಗಡ್ಡಿ…" ಎಂದಳು ವಸುಧಾ.

"ಹುಚ್ಚಿ, ನಾ ಲಚ್ಯಾಣದ ಹೊಲಮನ್ಯಾಗ ಹುಟ್ಟಿದಾಕಿ. ತಿಪ್ಪಿ ಅಂದ್ರೇನು ನನಗ ಹೇಳತೀಯೇನು? ಮಣ್ಣಾಗ ಹೋದದ್ದು ಮಣ್ಣು. ಅದಿರ್ಲಿ, ಪಲ್ಯಕ್ಕ ಉಪ್ಪು ಹಾಕಿದ್ದಿಲ್ಲೇನು?"

"ಹಾಕೀನಿ ಆಯಿ! ದೇವರಾಣಿ, ಈ ಕೈಲೇ ಹಾಕೀನಿ. ಎಲ್ಲಿ ಹೋತೋ ಏನೋ!"

"ಎಲ್ಲೂ ಹೋಗಿಲ್ಲ. ಪಾಯಸದಾಗ ಅದ."

ವಸುಧಾ ಪಾತ್ರೆಗೆ ಇಣುಕಿದಳು. ಅರ್ಧಕ್ಕಿಂತ ಮೇಲಿತ್ತು. ನೈವೇದ್ಯವಾದದ್ದು, ಚೆಲ್ಲುವ ಹಾಗಿಲ್ಲ. ಡ್ರಮ್ಮಿಗೆ ಸುರಿದರೆ ಉಪ್ಪಿಗೆ ಎರೆಹುಳ ಉಳಿಯುವುದಿಲ್ಲ.

ಆಯಿ ಇನ್ನೊಂದು ಎಲೆ ಹಾಸಿ, ತಾವೇ ಸೌಟು ಹಿಡಿದು ನಿಂತರು.

"ಕೂಡು. ಹುಳಕ್ಕ ಆಗದಿದ್ದದ್ದು ಯಾರರೆ ತಿನ್ನಬೇಕಲ್ಲಾ."