ಮನೆಮಂದಿಗೆಲ್ಲ ಒಂದೇ ಹಲ್ಲುಸಾಲು

ಅತ್ತೆ: ಬಡ್ಕೊಂಡ್ನೋ ಇಲ್ವೋ ಅಳಿಯಂದಿರೇ? ಅದು ಮಗು ಬಾಯಿ, ನಿಮ್ಮ ಅಂಗಡಿ ಕತ್ತರಿ ಅಲ್ಲ ಅಂತ! ದಾರ ಕಚ್ಚಿಸಿ ಕಚ್ಚಿಸಿ ಈಗ ನೋಡಿ, ಕೆನ್ನೆ ಹಿಡ್ಕೊಂಡು ಕೂತಿದೆ.

ಅಳಿಯ: ದಾರ ಏನು ಮಾಡೀತು ಅತ್ತೆ? ಹತ್ತಿ ದಾರ, ಪಾಪದ್ದು. ನಿಮ್ಮ ಮಿಠಾಯಿ ನೋಡಿ, ಅದು ಕಲ್ಲು! ದಿನಾ ಮಧ್ಯಾಹ್ನ ‘ಪುಟ್ಟೀ, ಇದನ್ನ ಕಚ್ಚಿ ಎರಡು ಮಾಡಿ ಕೊಡು’ ಅನ್ನೋರು ಯಾರು? ನಾನಾ?

ದಂತವೈದ್ಯೆಯ ಹೊರಕೋಣೆಯ ಉದ್ದನೆಯ ಬೆಂಚಿನ ಎರಡು ತುದಿಗಳನ್ನು ಆಶ್ರಯಿಸಿ, ದರ್ಜಿಯಾದ ಅಳಿಯನೂ ಅವನ ಹೆಂಡತಿಯ ತಾಯಿಯೂ ಹಗೆಗೊಂಡ ಎರಡು ರಾಜ್ಯಗಳ ದಂಡನಾಯಕರಂತೆ ಮಂಡಿಸಿದ್ದರು. ನಡುವೆ ಗಡಿಕಲ್ಲಿನಂತೆ ಒಂಬತ್ತು ವರ್ಷದ ಪುಟ್ಟಿ. ನಿನ್ನೆ ಬೆಳಗ್ಗೆ ಹಲ್ಲುನೋವೆಂದು ಕೆನ್ನೆಗೆ ಕೈಯಿಟ್ಟವಳು ಮತ್ತೆ ದಾರವನ್ನಾಗಲಿ ಮಿಠಾಯಿಯನ್ನಾಗಲಿ ಕಚ್ಚಲೊಲ್ಲಳು. ಅದರಿಂದಾಗಿ ಅಂಗಡಿಯ ಅಂಗಿಗಳೆಲ್ಲ ದಾರದ ಬಾಲ ಬಿಟ್ಟುಕೊಂಡು ನೇತಾಡುತ್ತಿದ್ದವು. ಮನೆಯ ಮಿಠಾಯಿಡಬ್ಬಿಯು ಸಂನ್ಯಾಸವನ್ನು ಸ್ವೀಕರಿಸಿತ್ತು.

ಅತ್ತೆ: ನಾನು ಅರ್ಧಕ್ಕಿಂತ ಹೆಚ್ಚು ತಿನ್ನೋಳಲ್ಲ. ಮಿತಾಹಾರ. ಅದಕ್ಕೇ ಎರಡು ಮಾಡಿಸೋದು.

ಅಳಿಯ: ಉಳಿದರ್ಧ ಯಾರು ತಿಂತಾರೆ?

ಅತ್ತೆ: ನಾನೇ. ಅದು ಎರಡನೇ ಸಲದ ಮಿತಾಹಾರ. ಅದಿರಲಿ, ಮೊದಲೆಲ್ಲ ನಿಮ್ಮ ಹಲ್ಲಲ್ಲೇ ದಾರ ಕಡೀತಿದ್ರಲ್ಲ, ಈಗೇನು ಬಂತು?

ಅಳಿಯ: (ಎಡಗೆನ್ನೆಗೆ ಕರವಸ್ತ್ರ ಒತ್ತಿ) ಮಗಳಿಗೆ ಕಸುಬು ಕಲಿಸ್ತಿದ್ದೀನಿ.

ಅತ್ತೆ: ಸೂಜಿ ಮುಟ್ಟೋಕೆ ಬಿಡಲ್ಲ, ಮೆಷಿನ್ ಹತ್ರ ಸುಳಿಯೋಕೆ ಬಿಡಲ್ಲ. ಕಚ್ಚೋದೊಂದೇನಾ ಕಸುಬು?

ಅಳಿಯ: ಹಂತಹಂತವಾಗಿ ಕಲಿಸ್ಬೇಕು ಅತ್ತೆ.

ಅತ್ತೆ: ಹಂಗಾದ್ರೆ ನಿಮ್ಮ ಕೆನ್ನೆ ಯಾಕೆ ಊದಿದೆ?

ಅಳಿಯ: ಗುಂಡಿ ಇಟ್ಕೊಂಡಿದ್ದೀನಿ. ಹೊಲಿಯೋವಾಗ ಕೈಗೆ ಬೇಗ ಸಿಗುತ್ತೆ.

ಅತ್ತೆ: ಅಷ್ಟು ದಪ್ಪ ಗುಂಡಿನಾ? ಕೋಟು ಯಾರಿಗೆ, ಆನೆಗಾ?

ಅಳಿಯ: ನೀವ್ಯಾಕೆ ಇಷ್ಟು ಸೆಖೆಯಲ್ಲಿ ಗದ್ದಕ್ಕೆ ಶಾಲು ಬಿಗಿದಿದ್ದೀರಿ?

ಅತ್ತೆ: ಫ್ಯಾನಿನ ಗಾಳಿ.

ಅಳಿಯ: ಫ್ಯಾನೇ ತಿರುಗ್ತಿಲ್ವಲ್ಲ!

ಅತ್ತೆ: ತಿರುಗಿದ್ರೆ? ಮುಂದಾಲೋಚನೆ ಇರ್ಬೇಕು ಮನುಷ್ಯನಿಗೆ. ನಿಮ್ಮ ಬ್ರಶ್ಶು ನೋಡಿದೀನಿ ಬಿಡಿ. ಮೆಷಿನ್ನಿನ ಹಲ್ಲು ಉಜ್ಜೋಕೆ ಇಟ್ಟಿದ್ದೀರಿ. ಅದಕ್ಕೇ ಮೆಷಿನ್ನು ಫಳಫಳ, ನೀವು ಮಾತ್ರ ಹಿಂಗೆ.

ಅಳಿಯ: ನನ್ನದು ಸವೆದಾದ್ರೂ ಇದೆ. ನಿಮ್ಮದು ತಂದ ದಿನ ಹೆಂಗಿತ್ತೋ ಹಂಗೇ ಇದೆ, ವಸ್ತುಸಂಗ್ರಹಾಲಯದವರು ಬಂದು ಕೇಳೋ ಹಂಗೆ!

ಪುಟ್ಟಿ: ಅಪ್ಪಾ, ನಂಗೆ ಹೆದರಿಕೆ.

ಅಳಿಯ: ಏನೂ ಆಗಲ್ಲ ಮಗಳೇ. ಇರುವೆ ಕಚ್ಚಿದ ಹಂಗೆ, ಅಷ್ಟೇ.

ಅತ್ತೆ: ಇರುವೆನೂ ಅಲ್ಲ ಕಂದಾ, ಇರುವೆ ಮರಿ. ನಿನ್ನ ಹಲ್ಲಿಗೇನಾದ್ರೂ ಆದ್ರೆ ನಮ್ಮ ಗತಿ... ಅಂದ್ರೆ, ನಿನ್ನ ಗತಿ ಏನಾಗ್ಬೇಕು!

ಒಳಗಿನಿಂದ ಕರೆ ಬಂದಿತು. ಮೂವರೂ ಒಟ್ಟಿಗೇ ನುಗ್ಗಿ ಬಾಗಿಲಿನಲ್ಲಿ ಕ್ಷಣಕಾಲ ಸಿಲುಕಿದರು. ಪುಟ್ಟಿಯು ಎತ್ತರದ ಕುರ್ಚಿಯನ್ನೇರಿ, ಕೇಳುವ ಮೊದಲೇ ಬಾಯಿ ತೆರೆದಳು. ಡಾಕ್ಟರಮ್ಮನು ದೀಪವನ್ನು ತಿರುಗಿಸಿ, ಪುಟ್ಟ ಕನ್ನಡಿಯನ್ನು ಹಿಡಿದು, ಹಲ್ಲುಹಲ್ಲನ್ನೂ ಪರಿಕಿಸಿದಳು.

ಡಾಕ್ಟರಮ್ಮ: ಹುಳುಕಿಲ್ಲ, ಬಾವಿಲ್ಲ, ಒಸಡೂ ಚೆನ್ನಾಗಿದೆ. ಎರಡು ಹೊತ್ತೂ ಉಜ್ತೀಯಾ?

ಪುಟ್ಟಿ: ಹೂಂ. ಅಮ್ಮ ಎದುರಿಗೆ ನಿಂತು ಉಜ್ಜಿಸ್ತಾಳೆ.

ಡಾಕ್ಟರಮ್ಮ: ಮತ್ತೆ ನೋವೆಲ್ಲಮ್ಮಾ?

ಪುಟ್ಟಿ: ಅಪ್ಪನಿಗೆ ಎಡಗಡೆ. ಅಜ್ಜಿಗೆ ಬಲಗಡೆ.

ಡಾಕ್ಟರಮ್ಮ: ನಿನಗೆ?

ಪುಟ್ಟಿ: ನಂಗೆಲ್ಲೂ ಇಲ್ಲ. ದಾರ ಕಚ್ಚು, ಮಿಠಾಯಿ ಕಚ್ಚು, ಮನೆಗೆಲ್ಲ ನಾನೊಬ್ಳೇ ಕಚ್ಬೇಕು. ಸಾಕಾಯ್ತು. ಇವ್ರಿಬ್ರೂ ಕರೆದ್ರೆ ಬರ್ತಿರ್ಲಿಲ್ಲ, ಅದಕ್ಕೇ ನಂಗೆ ನೋವು ಅಂದೆ.

ದಂಡನಾಯಕರಿಬ್ಬರ ದೃಷ್ಟಿಯೂ ಒಂದೇ ಕಾಲಕ್ಕೆ ಬಾಗಿಲಿನತ್ತ ಹರಿಯಿತು. ಅಲ್ಲಿ ಸಹಾಯಕಿಯು ಬಾಗಿಲನ್ನು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

ಡಾಕ್ಟರಮ್ಮ: ಎಲ್ಲಿ, ನೀವು ಬಾಯಿ ಬಿಡಿ.

ಅಳಿಯ: ಬಾಯಿ ಬಿಟ್ರೆ ಬಣ್ಣಗೇಡು ಅಂತಾರೆ ಡಾಕ್ಟ್ರೇ.

ಡಾಕ್ಟರಮ್ಮ: ಬಿಡದೇ ಇದ್ರೆ ದವಡೆಗೇಡು. ಬಿಡಿ! ...ಅಯ್ಯೋ ಶಿವನೇ. ಹುಳುಕು ನರದ ತನಕ ಇಳಿದು, ಬೇರಿನ ತುದಿಯಲ್ಲಿ ಕೀವು ತುಂಬಿದೆ. ಹಿಂಗೇ ಬಿಟ್ರೆ ಸೋಂಕು ಕುತ್ತಿಗೆಗೂ ಇಳಿದೀತು. ಅಜ್ಜೀ, ಶಾಲು ಬಿಚ್ಚಿ.

ಅತ್ತೆ: ಗಾಳಿ...

ಡಾಕ್ಟರಮ್ಮ: ಫ್ಯಾನು ಆರಿಸಿದೆ. ಬಿಚ್ಚಿ. ...ಒಸಡೆಲ್ಲ ಊದಿ ರಕ್ತ ಬರ್ತಿದೆ. ಸೂಜಿಗೆ ಪೋಣಿಸೋಕೆ ಒಬ್ಬರು ಎಂಜಲು ಮಾಡಿದ ದಾರ ಮಗು ಬಾಯಿಗೆ, ಮಗು ಎಂಜಲಿನ ಮಿಠಾಯಿ ಇನ್ನೊಬ್ಬರ ಬಾಯಿಗೆ! ಹುಳುಕಿನ ಕ್ರಿಮಿಗೆ ನೀವೇ ಸಾರಿಗೆ ವ್ಯವಸ್ಥೆ ಮಾಡಿದ ಹಾಗಾಯ್ತು. ಇಬ್ಬರಿಗೂ ಇವತ್ತೇ ಸೂಜಿ ಹಾಕಿ ಶುಚಿ ಮಾಡ್ತೀನಿ. ಯಾರು ಮೊದಲು?

ಅದುವರೆಗೆ ಮರ್ಯಾದೆಯೆಂಬುದನ್ನು ಮನೆಯ ಅಟ್ಟದ ಮೇಲಿಟ್ಟಿದ್ದವರಿಬ್ಬರಿಗೂ ಅದು ಥಟ್ಟನೆ ನೆನಪಾಯಿತು.

ಅಳಿಯ: ಹಿರಿಯರಿರುವಾಗ ನಾನು ಮುಂದೆ ಹೋಗೋದಾ? ಛೆ, ಛೆ!

ಅತ್ತೆ: ಉಂಟೇ! ಅಳಿಯಂದಿರಿಗೇ ಮೊದಲ ಮಣೆ.

ಡಾಕ್ಟರಮ್ಮ: ಏನ್ರೀ, ದಿನವಿಡೀ ಸೂಜಿ ಹಿಡಿಯೋ ದರ್ಜಿ, ಸೂಜಿಗೆ ಹೆದರ್ತೀರಾ?

ಅಳಿಯ: ನಾನು ಹುಟ್ಟಿದಾಗಿಂದ ಸೂಜಿಯ ಈ ಕಡೆ ಇರೋನು ಡಾಕ್ಟ್ರೇ. ಆ ಕಡೆ ಬಟ್ಟೆ ಇರುತ್ತೆ.

ಪುಟ್ಟಿ: ಏನೂ ಆಗಲ್ಲಪ್ಪಾ. ಇರುವೆ ಕಚ್ಚಿದ ಹಂಗೆ. ಅಜ್ಜಿಗೆ ಇರುವೆ ಮರಿ.

ಮುಂದೆ ನಡೆದುದನ್ನು ಸವಿಸ್ತಾರವಾಗಿ ವರ್ಣಿಸುವುದು ಒಂದು ಕುಟುಂಬದ ಮಾನಕ್ಕೆ ಒಳ್ಳೆಯದಲ್ಲ. ದರ್ಜಿಯು ಸೂಜಿ ತನಗೆ ತಾಗುವ ಮೊದಲೇ ಕೂಗಿದನು. ಅತ್ತೆಯು ಅವನ ಸರದಿಯಲ್ಲಿಯೇ ತಾನೂ ಕೂಗಿ ಮುಗಿಸಿಕೊಂಡಳು. ದೈವಕೃಪೆಯಿಂದ ಇಬ್ಬರೂ ಅರ್ಧರ್ಧ ಬಾಯಿ ಮರಗಟ್ಟಿ, ಮುಖವನ್ನು ಓರೆಯಾಗಿಸಿಕೊಂಡು, ಮಗುವಿನ ಎರಡು ಕೈಗಳನ್ನು ಹಿಡಿದು ಎದ್ದು ನಿಂತರು.

ಡಾಕ್ಟರಮ್ಮ: ಬೇರಿನ ಚಿಕಿತ್ಸೆಗೆ ಮುಂದಿನ ವಾರ ಬರ್ಬೇಕು. ಇನ್ಮೇಲೆ ಅವರವರ ಕೆಲಸ ಅವರವರ ಹಲ್ಲಿಗೆ, ಅಂಗಡಿ ದಾರ ಕತ್ತರಿಗೆ. ಗೊತ್ತಾಯ್ತಾ?

ಅಳಿಯ: (ಓರೆ ಬಾಯಲ್ಲಿ) ಆಣೆ ಮಾಡಿ ಹೇಳ್ತೀನಿ ಡಾಕ್ಟ್ರೇ. ಮಗಳ ಬಾಯಿಗೆ ಇನ್ನು ದಾರ ತೋರಿಸಿದ್ರೆ ಕೇಳಿ.

ಡಾಕ್ಟರಮ್ಮ: ಒಳ್ಳೇದು. ತಗೊಳ್ಳಿ ಈ ಡಬ್ಬಿ. ಇದು ಹಲ್ಲಿನ ಸಂದಿ ಶುಚಿ ಮಾಡೋ ದಾರ. ದಿನಾ ರಾತ್ರಿ ಒಂದು ಮೊಳ ಸಾಕು. ಎಳೆದು ತೋರಿಸಿ ನೋಡೋಣ.

ದಾರವೆಂಬ ಶಬ್ದವು ಕಿವಿಗೆ ಬೀಳುತ್ತಲೇ ದರ್ಜಿಯ ಮುಖವು ಅರಳಿತು. ಅಳತೆಪಟ್ಟಿಯ ಹಂಗಿಲ್ಲದೆ ಒಂದು ಮೊಳವನ್ನು ಸರಕ್ಕನೆ ಎಳೆದನು, ಬಿಗಿ ನೋಡಿದನು, ಬೆಳಕಿಗೆ ಹಿಡಿದು ಮೆಚ್ಚಿ ತಲೆದೂಗಿದನು. ಆ ಬಳಿಕ, ಕೈಗೆ ಅಂಟಿದ ಅಭ್ಯಾಸದಂತೆ, ಹಾಗೆಯೇ ಬಾಗಿ ಅದನ್ನು ಮಗಳ ಬಾಯಿಯ ಮುಂದಕ್ಕೆ ಒಯ್ದನು.

ಅಳಿಯ: ಪುಟ್ಟೀ, ಇಲ್ಲೊಂಚೂರು ಕಚ್ಚಮ್ಮ.