ಅವ್ವನ ದುಪ್ಪಟಿಗೆ ಹಿಂದಿನ ಜೇಬು

ನೀವು ಜೀನ್ಸ್ ಪ್ಯಾಂಟು ಹಾಕುವವರಾದರೆ ಅದರ ಹಿಂದಿನ ಜೇಬನ್ನು ಒಮ್ಮೆ ಸವರಿ ನೋಡಿಕೊಳ್ಳಿ. ಅದನ್ನು ಹೊಲಿದವಳು ನಾನೇ ಇರಬಹುದು. ಮುಂದಿನ ಜೇಬಿನ ಮಾತು ನನ್ನನ್ನು ಕೇಳಬೇಡಿ, ಅದು ನನ್ನ ಕೆಲಸವಲ್ಲ. ಜಿಪ್ಪು ಎದುರುಮನೆಯ ಹುಸೇನಬಿಯದು. ಸೊಂಟದ ಪಟ್ಟಿ ನನ್ನ ಸೊಸೆ ಸುಜಾತಳದು. ಕಾಲಿನ ಹೋಳುಗಳನ್ನು ಸೇರಿಸುವುದು ಓಣಿಯ ಕೊನೆಯ ಮನೆಯವರದು. ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗದಲ್ಲಿ ಒಂದು ಪ್ಯಾಂಟು ಹುಟ್ಟಬೇಕಾದರೆ ಹೀಗೆ ಓಣಿಯೆಲ್ಲ ತಿರುಗಿ ಬರಬೇಕು. ಸಾಹುಕಾರರ ಕಡೆಯಿಂದ ಕತ್ತರಿಸಿದ ಬಟ್ಟೆಯ ಗಂಟು ಬರುತ್ತದೆ, ಒಬ್ಬೊಬ್ಬರು ತಮ್ಮ ಪಾಲಿನದನ್ನು ಹೊಲಿದು ಪಕ್ಕದ ಮನೆಗೆ ದಾಟಿಸುತ್ತಾರೆ. ಊರಿಗೆ ಜೀನ್ಸಿನ ಕೆಲಸ ಬಂದ ಹೊಸದರಲ್ಲಿ ನನ್ನ ಗಂಡ ಒಂದು ಮಿಷನ್ನು ತಂದು ನಡುಮನೆಯಲ್ಲಿಟ್ಟು, ನೀನು ಹಿಂದಿನ ಜೇಬು ಅಂದ. ಅವನು ತೀರಿಹೋಗಿ ಬಹಳ ಕಾಲವಾಯಿತು. ನಾನು ಇನ್ನೂ ಹಿಂದಿನ ಜೇಬಿನಲ್ಲೇ ಇದ್ದೇನೆ. ಹಳದಿ ದಾರದಲ್ಲಿ ಹದ್ದಿನ ರೆಕ್ಕೆಯ ಹಾಗೆ ಎರಡು ಸಾಲು ಹೊಲಿಗೆ ಹಾಕುತ್ತೇನಲ್ಲ, ಕಣ್ಣು ಮುಚ್ಚಿಕೊಂಡು ಹಾಕಿದರೂ ಒಂದು ನೂಲು ಆಚೀಚೆ ಆಗುವುದಿಲ್ಲ. ಆದರೆ ಅಂಗಿ ಹೊಲಿ ಅಂದರೆ ಬರುವುದಿಲ್ಲ. ಪೂರ್ತಿ ಪ್ಯಾಂಟು ಹೊಲಿ ಅಂದರೂ ಬರುವುದಿಲ್ಲ. ಜೇಬು ಬರುತ್ತದೆ.

ಇದು ನಮ್ಮ ಓಣಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ನನ್ನ ತವರಿಗೆ. ನನ್ನ ತವರು ಮಡಕಶಿರಾದ ಕಡೆ, ಗುಡಿಬಂಡೆ ಹತ್ತಿರ ಒಂದು ಹಳ್ಳಿ. ಅಲ್ಲಿ ನಾನು ರಾಯದುರ್ಗದ ಟೈಲರಮ್ಮ. ಯಾರು ಹಾಗೆ ಹೆಸರಿಟ್ಟರೋ ನೆನಪಿಲ್ಲ, ಬೇಡ ಅಂತ ನಾನಂತೂ ಹೇಳಲಿಲ್ಲ. ಹಬ್ಬಕ್ಕೆ ಹೋದರೆ ಹೆಂಗಸರು ಸೀರೆಯ ಮೇಲಿನ ಜಾಕೀಟಿಗೆ ಬಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಅಯ್ಯೋ, ನನ್ನ ಮಿಷನ್ನು ಅಲ್ಲಿ ಬಿಟ್ಟು ಬಂದಿದ್ದೇನಲ್ಲ ಅನ್ನುತ್ತಿದ್ದೆ. ಒಬ್ಬಳು ಜಾಣೆ, ಬಟ್ಟೆ ಊರಿಗೇ ತಗೊಂಡು ಹೋಗು ಅಂದಳು. ನನ್ನದು ಜೀನ್ಸಿನ ಮಿಷನ್ನು, ಅದರ ಸೂಜಿ ದಬ್ಬಳದಷ್ಟು ದಪ್ಪ, ನಿನ್ನ ಜಾಕೀಟು ಜರಡಿಯಾಗುತ್ತದೆ ಅಂದೆ. ಅದು ಸುಳ್ಳಲ್ಲ. ಆದರೆ ಹೇಳಬೇಕಾದ ನಿಜವೂ ಅದಲ್ಲ. ಹೀಗೆ ಜಾರಿಕೊಂಡು ಜಾರಿಕೊಂಡು ಮುದುಕಿಯಾದೆ. ಟೈಲರಮ್ಮನ ಹೆಸರಿಗೆ ಒಂದು ಕಲೆಯೂ ಬೀಳಲಿಲ್ಲ.

ಹೋದ ಸುಗ್ಗಿ ಮುಗಿದ ಮೇಲೆ ನನ್ನ ತಂಗಿ ಹನುಮಕ್ಕ ಫೋನು ಮಾಡಿದಳು. ನಾವಿಬ್ಬರೇ ಅಕ್ಕತಂಗಿ. ಅವಳನ್ನು ಊರಲ್ಲೇ ಕೊಟ್ಟಿದ್ದು. ಅವಳ ಮಗಳು ಪದ್ಮಳಿಗೆ ಹೆಣ್ಣು ಕೂಸು ಹುಟ್ಟಿತ್ತು. ಪದ್ಮಳಿಗೆ ಮೊದಲು ಎರಡು ಹುಟ್ಟಿದ್ದವು, ಎರಡೂ ಉಳಿಯಲಿಲ್ಲ. ಅದಕ್ಕೇ ಇದು ಹುಟ್ಟಿದ ಮೇಲೂ ಆ ಮನೆಯಲ್ಲಿ ಯಾರೂ ಜೋರಾಗಿ ನಗುತ್ತಿರಲಿಲ್ಲ.

"ಅಕ್ಕ, ಅವ್ವನ ದುಪ್ಟಿ ನಿನ್ ತಾವೇ ಐತಲ್ವಾ?" ಅಂದಳು.

"ಐತೆ. ಯಾಕೆ?"

"ತೊಟ್ಲಿಗೆ ಹಾಕೋ ದಿನ ಕೂಸಿಗೆ ಅದ್ರಾಗೆ ಅಂಗಿ ಇಕ್ಬೇಕು ಅಂತ. ಊರಾಗೆ ಇಷ್ಟ್ ಜನ ಇದ್ರೂ ಅವ್ವನಂಗೆ ಬಾಳಿ ಹೋದೋರು ಯಾರವ್ರೆ? ನೀನೆಂಗೂ ಹೊಲಿಯೋಳು. ಒಂದ್ ಅಂಗಿ ಮಾಡ್ಕಂಡು ಬಂದ್ಬಿಡು."

ನಮ್ಮ ಕಡೆ ಕೂಸಿಗೆ ಮೊದಲ ಅಂಗಿಯನ್ನು ಹೊಸ ಬಟ್ಟೆಯಲ್ಲಿ ಹೊಲಿಯುವುದಿಲ್ಲ. ಹುಟ್ಟಿದಾಗಿನಿಂದ ತುಂಡು ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ತೊಟ್ಟಿಲಿಗೆ ಹಾಕುವ ದಿನ, ಹೆತ್ತ ಮಕ್ಕಳನ್ನೆಲ್ಲ ಉಳಿಸಿಕೊಂಡು ಹಣ್ಣಾಗಿ ಹೋದ ಮುದುಕಿಯ ಬಟ್ಟೆ ಹುಡುಕಿ ಅದರಲ್ಲಿ ಅಂಗಿ ಮಾಡಿ ಹಾಕುತ್ತಾರೆ. ಆ ಮುದುಕಿಯ ಆಯಸ್ಸು ಕೂಸಿಗೆ ಬರಲಿ ಅಂತ. ಬರುತ್ತದೋ ಬಿಡುತ್ತದೋ ನನಗೆ ಗೊತ್ತಿಲ್ಲ. ಹಳೆಯ ಬಟ್ಟೆ ಮೆತ್ತಗಿರುತ್ತದೆ, ಅದು ಮಾತ್ರ ಗೊತ್ತು. ಆದರೆ ಎರಡು ಕೂಸು ಕಳೆದುಕೊಂಡ ಮನೆಯವರ ಮುಂದೆ ಈ ಮಾತು ಆಡುವುದಕ್ಕಾಗುವುದಿಲ್ಲ. ಹನುಮಕ್ಕ ನನ್ನಿಂದ ಅಲ್ಲಿಯವರೆಗೆ ಏನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ.

ನನಗೆ ಬರುವುದಿಲ್ಲ ಕಣೇ, ದುಪ್ಪಟಿ ಕೊಟ್ಟು ಕಳಿಸುತ್ತೇನೆ ಅಂದಿದ್ದರೆ ಮುಗಿಯುತ್ತಿತ್ತು. "ಅದೇನ್ ದೊಡ್ಡದು, ತರ್ತೀನಿ ಬಿಡು" ಅಂದೆ.

ದುಪ್ಪಟಿ ನೂಲಿನದು, ಕೆಂಪು ಅಂಚಿನದು. ನನ್ನನ್ನು ರಾಯದುರ್ಗಕ್ಕೆ ಕಳಿಸುವಾಗ ಅವ್ವ ತಾನು ಹೊದೆಯುತ್ತಿದ್ದದ್ದನ್ನೇ ಮಡಚಿ ಕೊಟ್ಟಿದ್ದಳು. ನಾನೇನು ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿರಲಿಲ್ಲ. ಹೊದ್ದಿದ್ದೇನೆ, ಹಾಸಿದ್ದೇನೆ, ಕಡಲೆಕಾಯಿ ಒಣಗಿಸಿದ್ದೇನೆ, ಜೇಬಿನ ಗಂಟಿಗೆ ಧೂಳು ಬೀಳದ ಹಾಗೆ ಮುಚ್ಚಿದ್ದೇನೆ. ಒಗೆದು ಒಗೆದು ಅದು ಮೊಲದ ಕಿವಿಯಂತೆ ಮೆತ್ತಗಾಗಿತ್ತು. ಅಂಚಿನ ಕಡೆ ಪಿಸಿದಿತ್ತು, ನಡುವೆ ಚೆನ್ನಾಗಿತ್ತು. ಒಂದು ಕೂಸಿಗಲ್ಲ, ಓಣಿಯ ಕೂಸುಗಳಿಗೆಲ್ಲ ಅಂಗಿಯಾಗುವಷ್ಟು ಬಟ್ಟೆ ಅದು.

ಮೊದಲು ಕತ್ತು ಕತ್ತರಿಸಬೇಕು ಅಂತ ಲೆಕ್ಕ ಹಾಕಿದೆ. ಜೇಬಿಗಾದರೆ ನಮ್ಮಲ್ಲಿ ತಗಡಿನ ಅಚ್ಚು ಇರುತ್ತದೆ, ಇಟ್ಟು ಗೆರೆ ಎಳೆದರೆ ಆಯಿತು. ಕತ್ತಿಗೆ ಅಚ್ಚು ಎಲ್ಲಿದೆ? ಲೋಟ ಬೋರಲು ಹಾಕಿ ಸೀಮೆಸುಣ್ಣದಲ್ಲಿ ಸುತ್ತು ಎಳೆದು ಕತ್ತರಿಸಿದೆ. ಕೂಸಿನ ಕತ್ತು ಇನ್ನೆಷ್ಟು ದಪ್ಪ ಇದ್ದೀತು? ಆಮೇಲೆ ತಲೆಗೆ ಬಂತು, ಅಂಗಿ ಹೋಗಬೇಕಾದದ್ದು ಕತ್ತಿನ ಮೇಲಲ್ಲ, ಮೊದಲು ತಲೆಯ ಮೇಲೆ. ಅಳತೆಗೆ ಕೂಸಿಲ್ಲ. ಒಳಗಿಂದ ತೆಂಗಿನಕಾಯಿ ತಂದು ಹಾಕಿ ನೋಡಿದೆ. ಹೋಗಲಿಲ್ಲ. ಎರಡನೆಯ ಸಲ ಚೊಂಬು ಇಟ್ಟು ಕತ್ತರಿಸಿದೆ. ಈಗ ತೆಂಗಿನಕಾಯಿ ಹಿಡಿದರೆ ಅಂಗಿ ನಿಲ್ಲದೆ ನೆಲಕ್ಕೆ ಬಿತ್ತು. ಮೂರನೆಯದಕ್ಕೆ ಕತ್ತು ಹೇಗೋ ಕೂತಿತು, ತೋಳುಗಳು ಎರಡೂ ಎಡಗೈಗೇ ಆದವು. ಮಿಷನ್ನಿಗೆ ಕೊಟ್ಟರೆ ದಬ್ಬಳದಂಥ ಸೂಜಿ ಅವ್ವನ ದುಪ್ಪಟಿಯನ್ನು ಸಾಲಾಗಿ ತೂತು ಹೊಡೆಯಿತು, ಎಳೆದರೆ ತೂತಿನ ಗುಂಟ ಕಾಗದದಂತೆ ಹರಿಯಿತು. ಆಗಲಾದರೂ ಕೈಬಿಡಬೇಕಿತ್ತು.

ಸುಜಾತ ಸೊಂಟದ ಪಟ್ಟಿ ಹೊಲಿಯುತ್ತ ಇದನ್ನೆಲ್ಲ ನೋಡುತ್ತಲೇ ಇದ್ದಳು. ನನ್ನ ಸೊಸೆಗೆ ನಗು ಬಂದರೆ ಮಿಷನ್ನು ಜೋರಾಗಿ ತುಳಿಯುವ ಅಭ್ಯಾಸ.

"ಅತ್ತಿ, ಬಜಾರದಾಗ ಲೇಡೀಸ್ ಟೈಲರ್ ಅದಾನಲ್ರಿ. ಕೊಟ್ಟು ಬರ್ಲೇನು?"

"ಅವ್ವನ ದುಪ್ಪಟಿನ ಕೂಲಿ ಟೈಲರ್ ಕೈಯಾಗ ಯಾಕ ಕೊಡ್ಲಿ? ನಾವೇನು ಹೊಲಿಯೋರಲ್ಲೇನು?"

"ಹೊಲಿತೀವ್ರಿ. ಆದ್ರ ಪ್ಯಾಂಟಿಗೆ ಕುತ್ತಿಗಿ ಇರಂಗಿಲ್ಲಲ್ರಿ."

ನಿಜವನ್ನು ಇಷ್ಟು ಮರ್ಯಾದೆಯಿಂದ ಹೇಳುವ ಸೊಸೆ ಸಿಗುವುದು ಕಷ್ಟ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಯಲ್ಲೂ ಮಿಷನ್ನು ತಿರುಗುತ್ತದೆ, ಕತ್ತು ಗೊತ್ತಿರುವವರು ಒಬ್ಬರೂ ಇಲ್ಲ, ತೋಳು ಗೊತ್ತಿರುವವರೂ ಇಲ್ಲ. ನಮಗೆ ಗೊತ್ತಿರುವ ಮನುಷ್ಯನೆಲ್ಲ ಸೊಂಟದಿಂದ ಕೆಳಗೆ. ಸೊಸೆಯ ಮಾತು ಕೇಳಿ ಸುಮ್ಮನಾಗುವ ಬದಲು, ಗೊತ್ತಿರುವುದನ್ನೇ ಮಾಡೋಣ ಅಂದುಕೊಂಡೆ. ಅಂಗಿಯಾದರೇನು, ಚಡ್ಡಿಯಾದರೇನು, ಅವ್ವನ ಬಟ್ಟೆ ಕೂಸಿನ ಮೈಗೆ ತಾಗಬೇಕು ತಾನೇ?

ಒಂದು ಪದರು ಹರಿಯುತ್ತದೆ, ಆದ್ದರಿಂದ ನಾಲ್ಕು ಪದರು ಮಡಚಿದೆ. ಆಗ ಬಟ್ಟೆ ಸೂಜಿಗೆ ಜಗ್ಗಲಿಲ್ಲ. ದುಪ್ಪಟಿಯ ನಡುವಿನ ಒಳ್ಳೆಯ ಭಾಗದಲ್ಲಿ ಮೊದಲು ಹಿಂದಿನ ಜೇಬು ಎರಡು ಹೊಲಿದೆ, ಹಳದಿ ದಾರದಲ್ಲಿ, ಹದ್ದಿನ ರೆಕ್ಕೆ ಸಮೇತ. ಅಷ್ಟು ಚೆಂದದ ಜೇಬು ನಾನು ಹೊಲಿದೇ ಇರಲಿಲ್ಲ. ಆ ಜೇಬಿಗೆ ತಕ್ಕ ಪ್ಯಾಂಟು ಆಗಬೇಕು ಅಂತ ಉಳಿದದ್ದನ್ನು ಓಣಿಗೆ ಬಿಟ್ಟೆ. ಕೊನೆಯ ಮನೆಯವರು ಕಾಲು ಸೇರಿಸಿದರು. ಸುಜಾತ ಬೇಡ ಬೇಡ ಅನ್ನುತ್ತಲೇ ಪಟ್ಟಿ ಹಾಕಿದಳು. ಹುಸೇನಬಿ ಜಿಪ್ಪು ಹಿಡಿದುಕೊಂಡು ಬಂದಳು.

"ಹೆಣ್ಣ್ ಕೂಸಿಗೆ ಜಿಪ್ ಯಾಕ ಬೇ? ಚುಚ್ಚತೈತಿ," ಅಂದೆ.

"ಜಿಪ್ ಬ್ಯಾಡಂದ್ರ ಬಿಡಕ್ಕಾ, ಜಿಪ್ಪಿನ ಮ್ಯಾಲಿನ ಪಟ್ಟೀನರ ಹೊಡಿತೀನಿ. ಏನೂ ಇಲ್ದ ಕಳ್ಸಿದ್ರ ನಮ್ಮನಿ ಪಾಲು ಏನೈತಿ ಅದ್ರಾಗ?" ಅಂದಳು.

ಅವಳ ಪಾಲೂ ಸೇರಿತು. ಗೇಣುದ್ದದ ಪ್ಯಾಂಟು ಸಿದ್ಧವಾಯಿತು. ಎಲ್ಲಕ್ಕೂ ನಾಲ್ಕು ನಾಲ್ಕು ಪದರು ಕತ್ತರಿಸಿ ದುಪ್ಪಟಿಯಲ್ಲಿ ಇಡಿಯಾದ ಭಾಗವೇ ಉಳಿಯಲಿಲ್ಲ. ಕೆಟ್ಟ ಮೂರು ಅಂಗಿಗಳು, ಕತ್ತರಿಸಿ ಉಳಿದ ತುಂಡುಗಳು ನೆಲದ ಮೇಲೆ ಜೀನ್ಸಿನ ಚೂರುಗಳ ಜೊತೆ ಬಿದ್ದಿದ್ದವು. ದಿನದ ಅಭ್ಯಾಸದಂತೆ ಗುಡಿಸಿ ಚೀಲಕ್ಕೆ ತುಂಬಿದೆ. ಚಿಂದಿಯವನು ಬಂದು ಚೀಲ ಎತ್ತಿಕೊಂಡು ಹೋದ. ಅವ್ವನ ದುಪ್ಪಟಿಯೂ ಅದರಲ್ಲಿದೆ ಅಂತ ನನಗೆ ಹೊಳೆದದ್ದು ಅವನ ಗಾಡಿ ತಿರುವು ದಾಟಿದ ಮೇಲೆ. ಹೊಳೆದರೂ ಓಡಲಿಲ್ಲ. ಪ್ಯಾಂಟು ಇದೆಯಲ್ಲ ಅಂದುಕೊಂಡೆ.

ತೊಟ್ಟಿಲಿಗೆ ಹಾಕುವ ದಿನ ಊರಿಗೆ ಹೋದೆ. ಹೆಂಗಸರು ಚಾಪೆ ಹಾಕಿಕೊಂಡು ಕೂತಿದ್ದರು. ಕೂಸಿಗೆ ನೀರು ಹಾಕಿ ತಂದಿದ್ದರು, ಅದು ಪದ್ಮಳ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಹನುಮಕ್ಕ ಕೈ ಒರೆಸಿಕೊಂಡು ಬಂದು ನನ್ನ ಚೀಲಕ್ಕೆ ಕೈ ಹಾಕಿದಳು. ತೆಗೆದದ್ದನ್ನು ಹಿಂದೆ ಮುಂದೆ ತಿರುಗಿಸಿ ಚಾಪೆಯ ಮೇಲಿಟ್ಟಳು. ಅದು ಬೀಳಲಿಲ್ಲ. ಎರಡು ಕಾಲಿನ ಮೇಲೆ ತಾನೇ ನಿಂತುಕೊಂಡಿತು.

ಚಾಪೆಯ ಮೇಲಿದ್ದವರೆಲ್ಲ ಬಗ್ಗಿ ನೋಡಿದರು. ಆಮೇಲೆ ಪಕ್ಕದ ಮನೆಯ ಅಜ್ಜಿ ಕೇಳಿದಳು, "ಏನೇ ಇದು, ಕೂಸು ಇವತ್ತೇ ಕುರಿ ಕಾಯೋಕೆ ಹೋಗ್ತದಾ?"

"ಜೋಬು ನೋಡ್ರೇ. ಎಲೆಅಡಿಕೆ ಇಟ್ಕಮಾಕೆ," ಅಂದಳು ಇನ್ನೊಬ್ಬಳು.

ಚಾಪೆಯೆಲ್ಲ ನಕ್ಕಿತು. ಆ ಮನೆಯಲ್ಲಿ ಕೂಸು ಹುಟ್ಟಿದ ಮೇಲೆ ಮೊದಲ ಸಲ ಜೋರಾಗಿ ನಕ್ಕದ್ದು ಅದೇ ಇರಬೇಕು. ಹನುಮಕ್ಕ ಮಾತ್ರ ನಗಲಿಲ್ಲ. "ರಾಯದುರ್ಗದಾಗೆ ಈಗೆಲ್ಲ ಹಿಂಗೇ ಇಕ್ತಾರೇನೋ. ಅಲ್ವೇನಕ್ಕ?" ಅಂದಳು, ನನ್ನ ಕಡೆ ನೋಡದೆ. ನನ್ನ ಮಾನ ಕಾಯಲು ಅವಳು ಒಂದು ಸುಳ್ಳು ಹುಡುಕಿ ಕೈಗೆ ಕೊಟ್ಟಿದ್ದಳು. "ಹ್ಞೂಂ, ಎಲ್ರೂ ಇಕ್ತಾರೆ" ಅಂದೆ.

ಪದ್ಮ ಕೂಸಿನ ಕಾಲು ಅದರೊಳಗೆ ತೂರಿಸಿದಳು. ಕೂಸು ಅಲ್ಲಿಯವರೆಗೆ ಸುಮ್ಮನಿತ್ತು. ಪಟ್ಟಿ ಹೊಟ್ಟೆಗೆ ಒತ್ತಿದ್ದೇ ತಡ, ಮೈ ಕೆಂಪಗಾಗುವ ಹಾಗೆ ಕಿರುಚಿ ಅಳತೊಡಗಿತು. ಬಿಚ್ಚಿ ನೋಡಿದರೆ ತೊಡೆಯ ಮೇಲೆ ದಪ್ಪ ಹೊಲಿಗೆಯ ಗೆರೆ ಮೂಡಿತ್ತು. ಪದ್ಮ ಆ ಗೆರೆಯನ್ನು ಬೆರಳಲ್ಲಿ ಉಜ್ಜುತ್ತ ಉಜ್ಜುತ್ತ ತಾನೂ ಅಳುವುದಕ್ಕೆ ಶುರು ಮಾಡಿದಳು. ಗೆರೆಗೆ ಅಲ್ಲ. ಅವಳು ಅವ್ವನ ಬಟ್ಟೆಯನ್ನು ನಂಬಿಕೊಂಡಿದ್ದಳು.

ಹನುಮಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ, "ದುಪ್ಟಿ ಚೂರು ಪಾರು ಉಳಿದೈತೇನಕ್ಕ ಚೀಲದಾಗೆ?" ಅಂದಳು.

"ಇಲ್ಲ ಕಣೆ," ಅಂದೆ. ಎಲ್ಲಿ ಹೋಯಿತು ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಜೇಬು ಬಿಚ್ಚಬಹುದೇ ಅಂತ ಅವಳು ಉಗುರಲ್ಲಿ ಎಳೆದು ನೋಡಿದಳು. ನನ್ನ ಹೊಲಿಗೆ, ಬಿಚ್ಚುವುದೆಲ್ಲಿ ಬಂತು.

ಕೊನೆಗೆ ಪಕ್ಕದ ಮನೆಯ ಅಜ್ಜಿಯೇ ತನ್ನ ಒಂದು ಹಳೆಯ ಸೀರೆ ತಂದುಕೊಟ್ಟಳು. ಹನುಮಕ್ಕ ಹೊಸ್ತಿಲ ಮೇಲೆ ಕೂತು ಸೆರಗಿನ ತುಂಡನ್ನು ಎರಡಾಗಿ ಮಡಚಿ, ಮಡಿಕೆಯ ಮೇಲೆ ಕತ್ತರಿಯಲ್ಲಿ ಒಂದು ಸೀಳು ಕೊಟ್ಟು, ಎರಡು ಬದಿಗೆ ಕೈಸೂಜಿಯಲ್ಲಿ ಉದ್ದುದ್ದ ಹೊಲಿಗೆ ಹಾಕಿದಳು. ಅಷ್ಟೇ. ಕತ್ತೂ ಆಯಿತು, ತೋಳೂ ಆಯಿತು. ಒಲೆಯ ಮೇಲಿನ ಪಾಯಸ ಇಳಿಸುವುದರೊಳಗೆ ಅಂಗಿ ಕೂಸಿನ ಮೈಮೇಲಿತ್ತು, ಕೂಸು ನಿದ್ದೆ ಹೋಗಿತ್ತು. ಅಜ್ಜಿ ಒಳ್ಳೆಯವಳು, ಗಟ್ಟಿ ಮುದುಕಿ, ಅವಳ ಮಕ್ಕಳೂ ಚೆನ್ನಾಗಿದ್ದಾರೆ. ಆದರೆ ಅವಳು ನಮ್ಮ ಅವ್ವ ಅಲ್ಲ. ಪ್ಯಾಂಟನ್ನು ತೊಟ್ಟಿಲಿನ ಕಾಲಡಿಯಲ್ಲಿಟ್ಟರು. ಹೆಸರಿಟ್ಟರು. ಅವ್ವನ ಹೆಸರನ್ನೇ ಇಟ್ಟರು. ಕೂಸು ಈಗ ಚೆನ್ನಾಗಿ ತುಂಬಿಕೊಂಡಿದೆ, ಮೊನ್ನೆ ಫೋನಿನಲ್ಲಿ ಅದರ ಕೂಗು ಕೇಳಿಸಿದರು. ಆದರೆ ಅದಕ್ಕೆ ಒಂದು ಶೀತವಾದರೂ ಪದ್ಮ ಅವ್ವನದಲ್ಲದ ಆ ಸೀರೆಯ ತುಂಡನ್ನು ನೆನೆಸಿಕೊಳ್ಳುತ್ತಾಳೆ. ನಾನೂ ನೆನೆಸಿಕೊಳ್ಳುತ್ತೇನೆ, ಇಂಥದ್ದನ್ನು ನಂಬದವಳು.

ಮಾರನೆಯ ದಿನ ಹನುಮಕ್ಕ ಆಟೋ ಹತ್ತಿಸಲು ರಸ್ತೆಯವರೆಗೆ ಬಂದಳು. ಸಿಟ್ಟು ಮಾಡಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಸಿಟ್ಟು ಮಾಡಲಿಲ್ಲ.

"ಅಕ್ಕ, ನಂಗ್ ಬರಲ್ಲ ಅಂತ ಒಂದ್ ಮಾತು ಅಂದಿದ್ರೆ ಆಗಿರೋದು. ದುಪ್ಟಿ ಹಂಗೇ ಕಳ್ಸಿದ್ರೆ ನಾನೇ ಕೈಸೂಜೀಲಿ ಹೊಲ್ಕಂತಿದ್ದೆ."

ತಪ್ಪಾಯಿತು ಕಣೇ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಕೈಹೊಲಿಗೆ ನಿಲ್ಲಲ್ಲ ಕಣೆ, ಎರಡು ಸಲ ಒಗೆದ್ರೆ ಬಿಟ್ಕಂತದೆ" ಅಂದೆ.

ಅವಳು ನನ್ನ ಮುಖ ನೋಡಿದಳು. "ಹೌದಾ," ಅಂದಳು. ಆಟೋ ಹೊರಟಿತು.

ಮಡಕಶಿರಾದಲ್ಲಿ ಬಸ್ಸಿಗೆ ಕೂತೆ. ಪಕ್ಕದಲ್ಲಿ ಕೂತ ಹೆಂಗಸು ಮಾತುಗಾತಿ. ಯಾವ ಊರು, ಎಷ್ಟು ಮಕ್ಕಳು ಅಂತ ತೆಲುಗಿನಲ್ಲಿ ಕೇಳಿ ಮುಗಿಸಿ, ಏನು ಕೆಲಸ ಅಂದಳು. ಟೈಲರ್ ಅಂದೆ. ಏನಂದೆ ಅಂತ ಬಾಯಿಂದ ಬಂದ ಮೇಲೆ ಗೊತ್ತಾಯಿತು. ಅವಳಿಗೆ ಬಹಳ ಖುಷಿಯಾಯಿತು, ಬ್ಯಾಗಿನಿಂದ ಮಗಳ ಜಾಕೀಟು ಎಳೆದು ನನ್ನ ತೊಡೆಯ ಮೇಲೆ ಹರಡಿ, ಈ ತೋಳು ಬಿಗಿಯಾಗುತ್ತದಮ್ಮ, ಏನು ಮಾಡಬೇಕು ಅಂದಳು. ನಾನು ಅದನ್ನು ತಿರುಗಿಸಿ ನೋಡಿದೆ, ಒಳಗಿನ ಹೊಲಿಗೆ ಎಳೆದು ನೋಡಿದೆ, ಬಿಚ್ಚಿ ಮತ್ತೆ ಹೊಲಿಸಬೇಕು ಅಂತ ಹೇಳಿ ಮಡಚಿ ಕೊಟ್ಟೆ. ಎಷ್ಟು ಬಿಚ್ಚಬೇಕು ಅಂತ ಅವಳು ಕೇಳುವಷ್ಟರಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ. ಕಲ್ಯಾಣದುರ್ಗ ಬರುವವರೆಗೂ ತೆರೆಯಲಿಲ್ಲ.